ಮಾತಾಡುವಷ್ಟು ಉಸಿರು

ಅವನ ಮೂಗಿನಿಂದ ಹಾರಿದ್ದು ಬಂದು ನನ್ನ ಹೊಸ ಬೂಟಿನ ಮೇಲೆ ಬಿತ್ತು. ನಮ್ಮ ಪರಿಚಯವಾದದ್ದು ಹೀಗೆ.

ಇದನ್ನು ಇನ್ನೂ ಚೆಂದವಾಗಿ ಹೇಳಬಹುದಿತ್ತು. ಭಾನುವಾರದ ಎಳೆಬಿಸಿಲಿತ್ತು, ಕಾಲುವೆಯ ನೀರಿತ್ತು, ನೀರಿನ ಮೇಲೆ ಹಳದಿ ಎಲೆಗಳಿದ್ದವು. ಯಾವುದೂ ಸುಳ್ಳಲ್ಲ. ಆದರೆ ನನ್ನ ಮುಂದೆ ಓಡುತ್ತಿದ್ದ ಮನುಷ್ಯ ಒಂದು ಹೊಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ, ತಲೆ ವಾರೆ ಮಾಡಿ, ಇನ್ನೊಂದು ಹೊಳ್ಳೆಯಿಂದ ಫೂ ಎಂದ. ಕಾಲುವೆಯ ಕಡೆಗೆ ಹೊರಟದ್ದು ಅರ್ಧದಾರಿಯಲ್ಲಿ ಮನಸ್ಸು ಬದಲಾಯಿಸಿ ನನ್ನ ಕಡೆಗೆ ಬಂತು.

"ಹಲೋ! ಹಿಂದೆ ಜನ ಇದಾರೆ, ಕಾಣ್ಸಲ್ವಾ?"

ಅವನು ನಿಂತ. ನನ್ನ ಮುಖ ನೋಡಿದ, ಬೂಟು ನೋಡಿದ, ಮತ್ತೆ ಮುಖ ನೋಡಿದ. "ಸಾರಿ ಮೇಡಂ. ಗಾಳಿ ತಿರುಗಿಬಿಡ್ತು."

"ಗಾಳಿ ಮೇಲೆ ಹಾಕ್ಬೇಡಿ. ಅದೇನ್ ಮಾಡಿದೆ ಪಾಪ."

"ಒಂದ್ನಿಮಿಷ, ಒರೆಸ್ತೀನಿ." ಅವನು ಅಲ್ಲೇ ಮಂಡಿಯೂರಿ ತನ್ನ ಬನಿಯನ್ನಿನ ಅಂಚಿನಿಂದ ಒರೆಸಲು ಶುರುಮಾಡಿದ. ಬನಿಯನ್ನು ಬೂಟಿಗಿಂತ ಕೊಳಕಾಗಿತ್ತು.

"ಬಿಡಿ, ಬಿಡಿ! ಥೂ."

ಕೆಳಗಿನಿಂದಲೇ ತಲೆ ಎತ್ತಿ ಅವನು ಹೇಳಿದ: "ನೀವು ಎರಡನೇ ಮಹಡಿ ಲ್ಯಾಬಿನವರಲ್ವಾ? ನಿಮ್ಮ ಬಿಲ್ಡಿಂಗ್ ಲಿಫ್ಟ್ ರಿಪೇರಿ ಮಾಡೋದು ನಾನೇ. ಲಿಫ್ಟಲ್ಲಿ ನೀವು ಉಸಿರು ಬಿಗಿಹಿಡ್ಕೊಂಡು ನಿಂತಿರ್ತೀರ. ಬಾಗಿಲು ತೆಗೆದ ಮೇಲೇನೇ ಬಿಡೋದು."

ಅದು ನಿಜ. ಮುಚ್ಚಿದ ಜಾಗದಲ್ಲಿ ಬೇರೆಯವರು ಬಿಟ್ಟ ಉಸಿರನ್ನು ಒಳಗೆ ತೆಗೆದುಕೊಳ್ಳುವುದು ನನ್ನಿಂದಾಗದು. ಆದರೆ ಅದನ್ನು ಅದುವರೆಗೆ ಯಾರೂ ಗಮನಿಸಿರಲಿಲ್ಲ; ಅಕ್ಕ ಕೂಡ. ಸಿಂಬಳ ಮೆತ್ತಿದ ಬೂಟಿನಲ್ಲಿ ನಿಂತು ನನಗೆ ನಾಚಿಕೆಯಾಯಿತು. ಹಾಗೆ ಆದದ್ದಕ್ಕೆ ಇನ್ನಷ್ಟು ಅಸಹ್ಯವಾಯಿತು.

ಓಟದ ಗುಂಪಿನಲ್ಲಿ ಅದು ನನ್ನ ಮೊದಲ ದಿನ. ಗುಂಪನ್ನು ನಡೆಸುತ್ತಿದ್ದವರು ನಿವೃತ್ತ ವ್ಯಾಯಾಮ ಶಿಕ್ಷಕರು. ಎಲ್ಲರ ಬಾಯಲ್ಲೂ ಬರೀ ಮೇಷ್ಟ್ರು. ಅವರು ಓಡುವುದಿಲ್ಲ, ಸೈಕಲ್ ಮೇಲೆ ಹಿಂದೆ ಬರುತ್ತಾರೆ. ಬಂದರು.

"ಏನ್ರಯ್ಯಾ, ಓಡೋಕೆ ಬಂದಿದೀರೋ, ಬೂಟ್ ಪಾಲಿಶ್ ಮಾಡೋಕೋ?"

"ಮೇಷ್ಟ್ರೇ, ಇವರು ನನ್ನ ಮೇಲೆ..." ವಾಕ್ಯ ಮುಗಿಸಲು ನನಗೆ ಹೇಸಿಗೆಯಾಯಿತು.

"ಗೊತ್ತಾಯ್ತು ಬಿಡಮ್ಮ. ಓಟದಲ್ಲಿ ಅದನ್ನೆಲ್ಲ ಹೂಮಳೆ ಅಂದ್ಕೋಬೇಕು. ನಿಮ್ಮಿಬ್ಬರದೂ ಒಂದೇ ಸ್ಪೀಡು, ನೋಡ್ತಾ ಬಂದೆ. ಜೊತೇಲಿ ಓಡಿ. ಮಾತಾಡೋಕಾಗೋ ಸ್ಪೀಡಲ್ಲೇ ಓಡ್ಬೇಕು, ಆಯ್ತಾ? ಮಾತು ನಿಂತ್ರೆ ಸ್ಪೀಡ್ ಜಾಸ್ತಿ ಆಗಿದೆ ಅಂತ ಅರ್ಥ. ಮಾತು ಸಿಗ್ಲಿಲ್ಲ ಅಂದ್ರೆ ಜಗಳ ಆಡಿ. ನಿಲ್ಲಿಸ್ಬೇಡಿ."

ದೂರದ ಓಟಕ್ಕೆ ತಯಾರಾಗುವವರಿಗೆ ಅದೊಂದೇ ಪಾಠ. ನಲವತ್ತೆರಡು ಕಿಲೋಮೀಟರ್ ಓಡಬೇಕಾದವರು ಉಸಿರನ್ನು ಮೊದಲೇ ಸುರಿದುಬಿಡಬಾರದು. ಹಿಡಿದಿಟ್ಟುಕೊಳ್ಳಬೇಕು. ನಾನು ಒಳ್ಳೆಯ ವಿದ್ಯಾರ್ಥಿನಿ.

*

ನನ್ನ ಕೆಲಸ ಏನೆಂದು ಗೊತ್ತಾದರೆ ಜನ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಊರಿನವರ ಮೂತ್ರ, ಮಲ, ಕಫ ಬೆಳಗ್ಗೆ ಎಂಟಕ್ಕೆ ನನ್ನ ಮೇಜಿಗೆ ಬರುತ್ತವೆ. ಅವುಗಳ ಬಗ್ಗೆ ನನಗೆ ಎಳ್ಳಷ್ಟೂ ಅಸಹ್ಯವಿಲ್ಲ. ಅಲ್ಲಿ ಎಲ್ಲಕ್ಕೂ ಮುಚ್ಚಳವಿದೆ, ಮುಚ್ಚಳದ ಮೇಲೆ ಚೀಟಿ ಇದೆ, ನನ್ನ ಕೈಗೆ ಗ್ಲೌಸ್ ಇದೆ. ನನಗೆ ಆಗದಿರುವುದು ಮುಚ್ಚಳವಿಲ್ಲದ ಮನುಷ್ಯರು.

ಅವನಿಗೆ ಯಾವ ಮುಚ್ಚಳವೂ ಇರಲಿಲ್ಲ.

ಗುಂಪಿನಲ್ಲಿ ಅವನನ್ನು ಲಿಫ್ಟು ಎಂದು ಕರೆಯುತ್ತಿದ್ದರು. ಲಿಫ್ಟು ಬಾಳೆಹಣ್ಣನ್ನು ಎರಡೇ ತುತ್ತಿಗೆ ನುಂಗಿ, ಸಿಪ್ಪೆಯನ್ನು ಚಡ್ಡಿಯ ಜೇಬಿಗೆ ತುರುಕಿ, ಹದಿನೈದು ಕಿಲೋಮೀಟರ್ ಹಾಗೇ ಓಡುತ್ತಿದ್ದ. ಬೆವರು ಒಣಗಿದ ಮೇಲೆ ಅವನ ಬೆನ್ನಿನ ಮೇಲೆ ಉಪ್ಪಿನ ಗೆರೆಗಳು ಮೂಡುತ್ತಿದ್ದವು. ಎಡಕಿವಿಯ ಹಿಂದೆ ಯಾವಾಗಲೂ ಒಂದು ಕಪ್ಪು ಗ್ರೀಸಿನ ಚುಕ್ಕೆ. ಸೋಪಿನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಹತ್ತಿರ ಬಂದರೆ ನೆನೆದ ಕಂಬಳಿ ಮತ್ತು ಮೆಷಿನ್ ಎಣ್ಣೆ ಸೇರಿದ ಒಂದು ನಾತ. ಅದು ನನ್ನ ಮೂಗಿನಲ್ಲಿ ಬುಧವಾರದವರೆಗೆ ಉಳಿಯುತ್ತಿತ್ತು. ಗುರುವಾರ ಹುಡುಕಿದರೂ ಸಿಗುತ್ತಿರಲಿಲ್ಲ.

ಪ್ರತಿ ಭಾನುವಾರ ಮನೆಗೆ ಬಂದು ಇದನ್ನೆಲ್ಲ ಅಕ್ಕನಿಗೆ ಹೇಳುತ್ತಿದ್ದೆ. ಅಕ್ಕ ದಂತವೈದ್ಯರ ಹತ್ತಿರ ಸಹಾಯಕಿ. ಅವಳೂ ಬೇರೆಯವರ ದೇಹದ ತೂತುಗಳಲ್ಲೇ ಅನ್ನ ಹುಟ್ಟಿಸಿಕೊಂಡವಳು. ಅವಳು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದಳು. ಒಮ್ಮೆ ಚಾಕು ಕೆಳಗಿಟ್ಟು ಅಂದಳು:

"ನೀನು ಅವನನ್ನ ಬೈತಾ ಇರೋದು ಅರ್ಧ ಗಂಟೆ ಆಯ್ತು. ಕಿವಿ ಹಿಂದೆ ಚುಕ್ಕೆ ಎಡಗಡೆನಾ ಬಲಗಡೆನಾ ಅಂತ ಕೂಡ ಗೊತ್ತು ನಿನಗೆ."

"ಅಸಹ್ಯ ಆಗುತ್ತೆ ಅಕ್ಕ. ಅದಕ್ಕೇ ಕಣ್ಣಿಗೆ ಬೀಳುತ್ತೆ."

"ಹ್ಞೂಂ, ಹ್ಞೂಂ. ನನಗೂ ಅಸಹ್ಯ ಆಗೋ ಜನ ಬೇಕಾದಷ್ಟು ಇದಾರೆ. ಅವರ ಕಿವಿ ಎಲ್ಲಿದೆ ಅಂತಾನೂ ಗೊತ್ತಿಲ್ಲ."

*

ಹನ್ನೊಂದು ತಿಂಗಳು ಓಡಿದೆವು, ಮಾತಾಡಿದೆವು. ಮೇಷ್ಟ್ರ ಆಜ್ಞೆ. ಕಾಲುವೆಯ ದಂಡೆ, ರೈಲು ಗೇಟು, ಗೋದಾಮುಗಳ ಸಾಲು, ವಾಪಸ್.

"ಒಬ್ಬರೇ ಇದ್ದಾಗ ಜನ ಲಿಫ್ಟಲ್ಲಿ ಏನ್ ಮಾಡ್ತಾರೆ ಹೇಳಿ ನೋಡೋಣ."

"ಏನ್ ಮಾಡ್ತಾರೆ, ನಿಂತ್ಕೋತಾರೆ."

"ಕನ್ನಡಿ ಹತ್ರ ಹೋಗಿ ಹಲ್ಲು ನೋಡ್ಕೋತಾರೆ. ಹಣೆ ಒತ್ತಿ ನಿಲ್ತಾರೆ. ಮುತ್ತು ಕೊಡ್ತಾರೆ."

"ಯಾರಿಗೆ?"

"ಕನ್ನಡಿಗೇ. ಒರೆಸೋನು ನಾನಲ್ವಾ, ನನಗೆ ಗೊತ್ತಿಲ್ವಾ? ಮೂರನೇ ಮಹಡಿ ಆಡಿಟರ್ ಆಫೀಸಿನ ಯಾರೋ ಒಬ್ಬರು ವಾರಕ್ಕೆರಡು ಸಲ ಅಳ್ತಾರೆ. ಗಾಜಿನ ಮೇಲೆ ಉಪ್ಪಿನ ಕಲೆ ಇರುತ್ತೆ."

"ಥೂ. ಅದನ್ನ ನೀವು ನೆಕ್ಕಿ ನೋಡಿದ್ರಾ?"

"ಮೇಡಂ, ನನ್ನ ಬಗ್ಗೆ ಎಂಥಾ ಅಭಿಪ್ರಾಯ ಇಟ್ಕೊಂಡಿದೀರಿ!" ಅವನು ನಗುತ್ತಾ ನನ್ನ ಕಡೆ ತಿರುಗಿದ. ಓಡುವವರು ಮುಖ ತಿರುಗಿಸಬಾರದು, ಹೆಜ್ಜೆ ತಪ್ಪುತ್ತದೆ. ಅವನದು ತಪ್ಪಿತು. ಕಲ್ಲಿಗೆ ಎಡವಿ ನನ್ನ ಭುಜ ಹಿಡಿದ. ಕೈ ತೇವವಾಗಿತ್ತು, ಬಿಸಿಯಾಗಿತ್ತು. ನಾಲ್ಕು ಬೆರಳುಗಳ ಅಚ್ಚು ನನ್ನ ಅಂಗಿಯ ಮೇಲೆ ಉಳಿಯಿತು. ಮನೆಗೆ ಬಂದು ಅದನ್ನು ಒಗೆಯಲು ಹಾಕಿದೆ. ಆಮೇಲೆ ಹೊರಗೆ ತೆಗೆದೆ. ಆಮೇಲೆ ನನ್ನನ್ನು ನಾನೇ ಬೈದುಕೊಂಡು ಮತ್ತೆ ಹಾಕಿದೆ.

ಹೇಳಬೇಕಾದದ್ದನ್ನು ಬಿಟ್ಟು ನಾವು ಎಲ್ಲವನ್ನೂ ಹೇಳಿಕೊಂಡೆವು. ಇವತ್ತು ಬೇಡ, ಮುಂದಿನ ವಾರ ಇಪ್ಪತ್ತಾರು ಕಿಲೋಮೀಟರ್ ಇದೆ. ಮುಂದಿನ ವಾರ ಬೇಡ, ಅದರ ಮುಂದಿನದು ಇಪ್ಪತ್ತೆಂಟು. ದಾರಿ ಉದ್ದವಿರುವವರಿಗೆ ಯಾವ ಆತುರವೂ ಇರುವುದಿಲ್ಲ.

ಮೂವತ್ತೆರಡು ಕಿಲೋಮೀಟರ್ ಓಡಿದ ದಿನ, ಗೋದಾಮಿನ ಕಟ್ಟೆಯ ಮೇಲೆ ಕುಳಿತು ಅವನು ಬೂಟು ಬಿಚ್ಚಿದ. ಕಾಲುಚೀಲ ಎಳೆದಾಗ ಎಡಗಾಲಿನ ಹೆಬ್ಬೆರಳಿನ ಉಗುರು ಅದರ ಜೊತೆಯಲ್ಲೇ ಬಂತು. ಪೂರ್ತಿಯಾಗಿ, ಕಪ್ಪಗೆ, ಒಂದು ಸಣ್ಣ ದೋಣಿಯ ಹಾಗೆ.

"ಅಯ್ಯೋ, ಥೂ, ಎಸೀರಿ ಅದನ್ನ!"

"ಯಾಕೆ? ಲ್ಯಾಬಿಗೆ ಸ್ಯಾಂಪಲ್ ಬೇಡ್ವಾ? ತಗೊಳ್ಳಿ, ಟೆಸ್ಟ್ ಮಾಡಿ ರಿಪೋರ್ಟ್ ಕೊಡಿ." ಅಂಗೈ ಮೇಲೆ ಅದನ್ನಿಟ್ಟು ನನ್ನ ಮುಂದೆ ಚಾಚಿದ. ಕಣ್ಣಲ್ಲಿ ತುಂಟತನವಿತ್ತು. ಅದರ ಹಿಂದೆ ಇನ್ನೇನೋ ಇತ್ತು, ಅದು ತುಂಟತನವಾಗಿರಲಿಲ್ಲ.

ನನ್ನ ಚೀಲದಲ್ಲಿ ಖಾಲಿ ಸ್ಯಾಂಪಲ್ ಡಬ್ಬಿ ಯಾವಾಗಲೂ ಒಂದಿರುತ್ತದೆ. ಚೂಯಿಂಗ್ ಗಮ್ಮು, ಪಿನ್ನು, ಗುಳಿಗೆ ಹಾಕಿಕೊಳ್ಳಲು. ತೆಗೆದೆ. ಮುಚ್ಚಳ ಬಿಚ್ಚಿ ಹಿಡಿದೆ. ಅವನು ಹಾಕಿದ. ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಬರೆದೆ: ಲಿಫ್ಟ್. ಎಡಗಾಲು, ಹೆಬ್ಬೆರಳು. ಮೂವತ್ತೆರಡನೇ ಕಿ.ಮೀ.

"ರಿಪೋರ್ಟ್ ಯಾವಾಗ ಸಿಗುತ್ತೆ?"

"ಟೈಮ್ ಆಗುತ್ತೆ," ಎಂದೆ.

*

ಮಂಗಳವಾರ ಲ್ಯಾಬಿನ ಲಿಫ್ಟಿನ ಬಾಗಿಲಲ್ಲಿ ಅವನು ಸಿಕ್ಕಿದ. ಬಾಗಿಲು ಮುಚ್ಚದ ಹಾಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ನಿಂತಿದ್ದ. ನನ್ನ ಕೈಯಲ್ಲಿ ಟ್ರೇ, ಟ್ರೇಯಲ್ಲಿ ಇಪ್ಪತ್ತನಾಲ್ಕು ಮೂತ್ರದ ಡಬ್ಬಿಗಳು.

"ಮೇಡಂ, ಕಂಪನಿಯವರು ಕರೀತಿದಾರೆ. ದೊಡ್ಡ ಊರಿಗೆ. ಇಲ್ಲಿ ಆರು ಮಹಡಿಗಿಂತ ಎತ್ತರದ್ದು ಯಾವುದಿದೆ ಹೇಳಿ? ಅಲ್ಲಿ ಒಂದೊಂದು ಬಿಲ್ಡಿಂಗೂ ಮೂವತ್ತೆಂಟು. ಕೈಕೆಳಗೆ ನಾಲ್ಕು ಜನ."

"ಓ."

"ಹೋದ್ರೆ ಹೋದ ಹಾಗೇ. ವಾಪಸ್ ಇಲ್ಲಿಗೆ ಕಳಿಸಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಹೇಳ್ಬೇಕಂತೆ, ಬರ್ತೀನೋ ಇಲ್ವೋ ಅಂತ." ಅವನು ಸ್ಕ್ರೂಡ್ರೈವರಿನ ಹಿಡಿಯನ್ನು ತಿರುಗಿಸುತ್ತಿದ್ದ. "ಏನ್ ಮಾಡ್ಲಿ?"

"ಹೋಗಿ. ಒಳ್ಳೆ ಅವಕಾಶ ಅಲ್ವಾ." ರಿಪೋರ್ಟು ಓದಿದ ದನಿ ನನ್ನದು.

"ಅಷ್ಟೇನಾ?"

"ಇನ್ನೇನು?"

ಬಾಗಿಲು ಮುಚ್ಚಲಾರದೆ ಲಿಫ್ಟು ಕೀಂ ಕೀಂ ಎನ್ನತೊಡಗಿತು. ಅವನು ಸ್ಕ್ರೂಡ್ರೈವರ್ ತೆಗೆದ. ನಾವಿಬ್ಬರೂ ಎರಡು ಮಹಡಿ ಇಳಿದೆವು. ನಾನು ಉಸಿರು ಹಿಡಿದಿರಲಿಲ್ಲ. ಕಂಬಳಿ, ಎಣ್ಣೆ. ಮಂಗಳವಾರದ ತಾಜಾ ನಾತ.

ಯಾಕೆ ಹಾಗೆ ಹೇಳಿದೆ? ನನಗೆ ನನ್ನದೇ ಆದ ಯೋಜನೆಯಿತ್ತು. ಭಾನುವಾರ ಮ್ಯಾರಥಾನ್. ಇಷ್ಟು ದಿನ ನಾವು ಓಡಿದ್ದೇ ಅದಕ್ಕಾಗಿ. ಮೂವತ್ತೈದನೇ ಕಿಲೋಮೀಟರ್ ದಾಟಿದ ಮೇಲೆ ಮನುಷ್ಯನಿಗೆ ಮಾನ ಮರ್ಯಾದೆ ಇರುವುದಿಲ್ಲವಂತೆ. ಮೇಷ್ಟ್ರೇ ಹೇಳಿದ್ದರು: ಬ್ಯಾಂಕ್ ಮ್ಯಾನೇಜರುಗಳು ಅಮ್ಮಾ ಎಂದು ಅಳುತ್ತಾರೆ, ಚಡ್ಡಿಯಲ್ಲೇ ಎಲ್ಲ ಆಗಿಹೋದರೂ ಓಡುತ್ತಿರುತ್ತಾರೆ. ಅಲ್ಲಿ ಹೇಳೋಣ ಎಂದುಕೊಂಡಿದ್ದೆ. ಮೂವತ್ತೈದರಲ್ಲಿ. ನಾಚಿಕೆ ಬೆವರಿನ ಜೊತೆ ಸೋರಿಹೋದ ಮೇಲೆ, ಎಲ್ಲ ಮುಚ್ಚಳಗಳೂ ಬಿದ್ದ ಮೇಲೆ. ಸೋಮವಾರ ಬರಲು ಅದರ ಮೇಲೂ ಒಂದು ರಾತ್ರಿ ಉಳಿದಿರುತ್ತದೆ. ಮಂಗಳವಾರವೇ ಯಾಕೆ ಸುರಿದುಬಿಡಬೇಕು?

ಮೂರು ದಿನ ನಿಯಮದ ಪ್ರಕಾರ ತಿಂದೆ. ದೂರ ಓಡುವವರು ಹೊಟ್ಟೆಗೆ ಮೊದಲೇ ತುಂಬಿಕೊಳ್ಳಬೇಕು: ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಜಾಮ್, ಬಾಳೆಹಣ್ಣು, ಮತ್ತೆ ಆಲೂಗಡ್ಡೆ.

ಶುಕ್ರವಾರ ಸಂಜೆ ಫೋನಿಗೆ ಸಂದೇಶ ಬಂತು. ರಸ್ತೆಗಳಿಗೆ ಅನುಮತಿ ಸಿಕ್ಕಿಲ್ಲ, ಮ್ಯಾರಥಾನ್ ರದ್ದು. ಅದೇ ದಿನ ಡೇರಿಯ ಹಿಂದಿನ ಹೊಲಗಳಲ್ಲಿ ಆರು ಕಿಲೋಮೀಟರ್ ಕ್ರಾಸ್ ಕಂಟ್ರಿ ಓಟವಿದೆ, ಆಸಕ್ತರು ಭಾಗವಹಿಸಬಹುದು.

ಆರು! ಆರು ಕಿಲೋಮೀಟರಿನಲ್ಲಿ ನಮ್ಮದು ಹವಾಮಾನದ ಮಾತೇ ಮುಗಿದಿರುವುದಿಲ್ಲ.

*

ಶನಿವಾರ ಅಕ್ಕ ಸೇಫ್ಟಿ ಪಿನ್ನು ಹುಡುಕಲು ನನ್ನ ಚೀಲಕ್ಕೆ ಕೈ ಹಾಕಿದಳು. ಡಬ್ಬಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ಅದು ಟಕಟಕ ಎಂದಿತು.

"ಏನೇ ಇದು? ಯಾವುದೋ ಸಿಪ್ಪೆ ಥರ ಇದೆ."

"ಉಗುರು."

"ಯಾರ್ದು?" ಚೀಟಿ ಓದಿದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸಿಂಕಿಗೆ ಹೋಗಿ ಸೋಪಿನಲ್ಲಿ ಎರಡು ಸಲ ಕೈ ತೊಳೆದು, ಒರೆಸಿಕೊಂಡು ಬಂದು ನನ್ನ ಎದುರು ಕುಳಿತಳು. "ನಾನು ದಿನಕ್ಕೆ ಮೂವತ್ತು ಬಾಯಿ ನೋಡ್ತೀನಿ. ಇವತ್ತಿನವರೆಗೂ ಒಬ್ಬರ ಹಲ್ಲನ್ನೂ ಮನೆಗೆ ತಂದಿಲ್ಲ."

ನಾನು ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

"ಅವನಿಗೆ ಬೇರೆ ಊರಿಗೆ ಕರೆ ಬಂದಿದೆ ಅಂದಿದ್ಯಲ್ಲ. ನೀನೇನಂದೆ?"

"ಹೋಗಿ ಅಂದೆ."

"ಭಲೇ! ಬಿದ್ದುಹೋದ ಉಗುರನ್ನ ಡಬ್ಬೀಲಿ ಜೋಪಾನ ಮಾಡ್ತೀಯ. ಮಿಕ್ಕ ಮನುಷ್ಯನ್ನ ಹೋಗಪ್ಪ ಅಂತ ಕಳಿಸ್ತೀಯ."

"ಮೂವತ್ತೈದನೇ ಕಿಲೋಮೀಟರಲ್ಲಿ ಹೇಳೋಣ ಅಂತಿದ್ದೆ ಅಕ್ಕ. ಈಗ ಇರೋದೇ ಆರು."

"ಆರರಲ್ಲಿ ಹೇಳು."

"ಆರರಲ್ಲಿ ಹೇಗೆ ಹೇಳೋದು? ನಾಚಿಕೆ ಎಲ್ಲ ಹಾಗೇ ಇರುತ್ತೆ. ಬೆವರೇ ಬಂದಿರಲ್ಲ."

ಅಕ್ಕ ನನ್ನನ್ನು ನೋಡಿದ ರೀತಿ ನನಗೆ ಗೊತ್ತಿತ್ತು. ಹುಳುಕು ಹಲ್ಲನ್ನು ಅವಳು ಹೀಗೇ ನೋಡುತ್ತಾಳೆ: ಅಸಹ್ಯದಿಂದ, ಕರುಣೆಯಿಂದ, ಕೈಗೆ ಸಿಕ್ಕರೆ ಕಿತ್ತೇಬಿಡುವವಳ ಹಾಗೆ. "ತಲೆಗಿಲೆ ಸರಿ ಇದೆಯಾ ನಿನಗೆ?" ಎಂದಳು. "ಒಂದು ಮಾತು ಹೇಳೋಕೆ ಮೂವತ್ತೈದು ಕಿಲೋಮೀಟರ್ ಬೇಕಾ?"

*

ಡೇರಿಯ ಹಿಂದಿನ ಬಯಲಿನಲ್ಲಿ ಹಸುಗಳ ಕೊಟ್ಟಿಗೆ ತೊಳೆದ ನೀರು ಹರಿದು ಹರಿದು ನೆಲವೇ ಕೊಳೆತಿತ್ತು. ನಾಲ್ಕು ತಾತ್ಕಾಲಿಕ ಪಾಯಿಖಾನೆಗಳ ಮುಂದೆ ನಲವತ್ತು ಜನರ ಸಾಲು. ಯಾರೋ ತೊಡೆಗೆ ನೋವಿನೆಣ್ಣೆ ತಿಕ್ಕುತ್ತಿದ್ದರು, ಯಾರೋ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ಬಾಳೆಹಣ್ಣಿನ ಸಿಪ್ಪೆಗಳ ಮೇಲೆ ನೊಣಗಳು ಸಭೆ ಸೇರಿದ್ದವು. ನನ್ನ ಹೊಟ್ಟೆಯಲ್ಲಿ ಮೂರು ದಿನದ ಆಲೂಗಡ್ಡೆ ಇಟ್ಟಿಗೆಯ ಹಾಗೆ ಕುಳಿತಿತ್ತು.

ಅವನು ಬಂದು ನನ್ನ ಪಕ್ಕ ನಿಂತ. ಅಭ್ಯಾಸ ಬಲ. ಮುಖ ಕ್ಷೌರ ಮಾಡಿಕೊಂಡಿದ್ದ, ಗಲ್ಲದ ಕೆಳಗೆ ರಕ್ತದ ಒಂದು ಚುಕ್ಕೆ ಒಣಗಿತ್ತು. ಎಡಕಿವಿಯ ಹಿಂದೆ ಗ್ರೀಸು ಇರಲಿಲ್ಲ. ಯಾರಿಗಾಗಿಯೋ ತೊಳೆದುಕೊಂಡಿದ್ದ. ನನ್ನದೇನನ್ನೋ ಯಾರೋ ಕದ್ದುಕೊಂಡು ಹೋದ ಹಾಗಾಯಿತು.

"ನಾಳೆ ಹತ್ತು ಗಂಟೆಗೆ," ಎಂದ.

"ಹ್ಞಾಂ, ಗೊತ್ತು."

ಸೀಟಿ ಊದಿದರು. ಇನ್ನೂರು ಜನ ಬೆಂಕಿ ಬಿದ್ದವರ ಹಾಗೆ ಓಡಿದರು. ನಾವಿಬ್ಬರು ನಮ್ಮ ವೇಗದಲ್ಲಿ ಹೊರಟೆವು. ಹನ್ನೊಂದು ತಿಂಗಳು ಕಾಲಿಗೆ ಕಲಿಸಿದ್ದೇ ಅದು: ಹಿಡಿದುಕೋ, ಉಳಿಸಿಕೋ, ಮುಂದೆ ಬೇಕಾಗುತ್ತದೆ. ದಪ್ಪ ಹೊಟ್ಟೆಯ ಒಬ್ಬ ಹಿರಿಯರು ಏದುಸಿರು ಬಿಡುತ್ತಾ ನಮ್ಮನ್ನು ದಾಟಿಹೋದರು.

"ಮೋಡ ಇದೆ ಇವತ್ತು," ಎಂದೆ.

"ಇದೆ."

"ಬಿಸಿಲು ಇಲ್ದೇ ಇರೋದು ಒಳ್ಳೇದೇ ಆಯ್ತು."

ಎರಡನೇ ಕಿಲೋಮೀಟರಿನ ಫಲಕದ ಹತ್ತಿರ ಅವನು ನನ್ನ ಕಡೆ ತಿರುಗಿದ. ಈ ಸಲ ಹೆಜ್ಜೆ ತಪ್ಪಲಿಲ್ಲ. "ಇವತ್ತು ಮಾತು ಬೇಡ ಅನ್ಸುತ್ತೆ ಮೇಡಂ. ಕಾಲು ಓಡ್ಬೇಕು ಅಂತಿದೆ. ಬರ್ಲಾ?"

"ಓಡಿ," ಎಂದೆ. ಮತ್ತೆ ಅದೇ ದನಿ.

ಅವನು ಓಡಿದ. ಅವನು ನಿಜವಾಗಿ ಓಡುವುದನ್ನು ನಾನು ನೋಡಿರಲೇ ಇಲ್ಲ. ಇಷ್ಟು ದಿನ ನನ್ನ ಪಕ್ಕದಲ್ಲಿ ಇಂಥದ್ದೊಂದು ಓಟವನ್ನು ಕಟ್ಟಿಹಾಕಿಕೊಂಡು ಬರುತ್ತಿದ್ದನೇ? ಪರವಾಗಿಲ್ಲ, ಇಪ್ಪತ್ತರ ಹೊತ್ತಿಗೆ ಸುಸ್ತಾಗುತ್ತಾನೆ, ಆಗ ಹಿಡಿಯೋಣ ಎಂದುಕೊಂಡು ನಾನು ನನ್ನ ಹೆಜ್ಜೆಯಲ್ಲೇ ಸಾಗಿದೆ. ಉಸಿರು ಸರಾಗ. ಎದೆ ಶಾಂತ. ಬೆನ್ನು ಒಣಗಿಯೇ ಇತ್ತು.

ಎದುರಿಗೆ ಒಂದು ಫಲಕ ಬಂತು. ನಾಲ್ಕು.

ಇಪ್ಪತ್ತು ಇಲ್ಲ. ಇವತ್ತು ಇಪ್ಪತ್ತು ಎಂಬುದೇ ಇಲ್ಲ. ಇನ್ನು ಎರಡು ಕಿಲೋಮೀಟರ್, ಆಮೇಲೆ ಹಗ್ಗ ಕಟ್ಟಿದ ಬಾಗಿಲು, ಅದರಾಚೆ ಸೋಮವಾರ. ಮೈಯಲ್ಲಿ ಮೂವತ್ತಾರು ಕಿಲೋಮೀಟರಿನ ಉಸಿರು ಹಾಗೇ ಬಾಕಿ ಇಟ್ಟುಕೊಂಡು ನಾನು ಗುರಿ ಮುಟ್ಟುತ್ತೇನೆ. ಬೆವರದೆ, ಕೂದಲು ಕೆದರದೆ, ಮುಚ್ಚಳ ಭದ್ರವಾಗಿ.

ಆಗ ಆದ ಅಸಹ್ಯದಂಥದ್ದು ನನಗೆ ಎಂದೂ ಆಗಿರಲಿಲ್ಲ. ಎಂಟು ವರ್ಷ ಲ್ಯಾಬಿನಲ್ಲಿ ಏನೆಲ್ಲ ನೋಡಿದ್ದೇನೆ. ಈ ಸಲ ಅದು ನನ್ನ ಒಳಗಿತ್ತು. ನನ್ನ ಜಾಣತನ, ನನ್ನ ಚೊಕ್ಕಟ, ನನ್ನ ಒಳ್ಳೆ-ಅವಕಾಶ-ಅಲ್ವಾ. ಥೂ ಎಂದು ಗಟ್ಟಿಯಾಗಿ ಉಗಿದೆ. ಬಾಯಿಂದ ಹಾರಿದ್ದು ನನ್ನ ಮೊಣಕೈ ಮೇಲೇ ಬಿತ್ತು. ಒರೆಸಿಕೊಳ್ಳಲಿಲ್ಲ.

ಓಡಿದೆ.

ಮೊದಲ ನೂರು ಹೆಜ್ಜೆಗೆ ಪಕ್ಕೆ ಚುಚ್ಚಿತು. ಇನ್ನೂರಕ್ಕೆ ಗಂಟಲಿನಲ್ಲಿ ತುಕ್ಕಿನ ರುಚಿ ಬಂತು. ದಪ್ಪ ಹೊಟ್ಟೆಯವರನ್ನು ದಾಟಿದೆ, ಕಾಲೇಜು ಹುಡುಗಿಯರ ಒಂದು ಗುಂಪನ್ನು ದಾಟಿದೆ. ಮೂಗು ಸೋರುತ್ತಿತ್ತು. ಹೆಬ್ಬೆರಳಿನಿಂದ ಒಂದು ಹೊಳ್ಳೆ ಒತ್ತಿ, ತಲೆ ವಾರೆ ಮಾಡಿ, ಫೂ ಎಂದೆ. ಹಿಂದೆ ಯಾರೋ "ಏಯ್!" ಎಂದರು. ತಿರುಗಿ ನೋಡಲಿಲ್ಲ.

ಕೊಟ್ಟಿಗೆ ನೀರಿನ ಹಳ್ಳ ಅಡ್ಡ ಬಂತು. ಹಸಿರು ಬಣ್ಣ, ಮೇಲೆ ನೊರೆ. ಉಳಿದವರು ದಂಡೆಯ ಸುತ್ತ ಹೋಗುತ್ತಿದ್ದರು. ನಾನು ನಡುವೆ ಇಳಿದೆ. ಸಗಣಿ ಮಂಡಿಯವರೆಗೆ ಬಂತು, ತೊಡೆಗೆ ಎರಚಿತು, ತುಟಿಗೆ ಒಂದು ಹನಿ ತಾಗಿತು. ಎಡಗಾಲು ಎತ್ತಿದಾಗ ಬೂಟು ಅಲ್ಲೇ ಉಳಿಯಿತು. ಅವನು ಒರೆಸಿದ್ದ ಅದೇ ಬೂಟು. ಕೈ ಹಾಕಿ ಹುಡುಕುವಷ್ಟು ದಾರಿ ನನ್ನ ಹತ್ತಿರ ಉಳಿದಿರಲಿಲ್ಲ. ಬಿಟ್ಟೆ.

ಕೊನೆಯ ದಿಬ್ಬದಲ್ಲಿ ಅವನು ಕಂಡ; ಇದ್ದ ಉಸಿರನ್ನೆಲ್ಲ ಸುರಿದು ಈಗ ನಡೆಯುತ್ತಿದ್ದ. ಉಪ್ಪಿನ ಗೆರೆಗಳು ಇನ್ನೂ ಮೂಡಿರಲಿಲ್ಲ, ಬೆನ್ನು ಇಡೀ ಒದ್ದೆ. ಕರೆಯಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಹನ್ನೊಂದು ತಿಂಗಳು ನಿಲ್ಲದ ಬಾಯಿ! ಮೇಷ್ಟ್ರು ಹೇಳಿದ್ದು ಸರಿ, ಸ್ಪೀಡ್ ಜಾಸ್ತಿಯಾಗಿತ್ತು. ಕೈ ಚಾಚಿ ಅವನ ಬನಿಯನ್ನಿನ ಹಿಂಭಾಗ ಹಿಡಿದು ಎಳೆದೆ.

ಅವನು ತಿರುಗಿದ. ಅವನ ಎದೆಯೂ ತಿದಿಯ ಹಾಗೆ ಏಳುತ್ತಿತ್ತು. ಏನಾಯ್ತು ಎಂದು ಕಣ್ಣಲ್ಲೇ ಕೇಳಿದ.

"ಹೋಗ್ಬೇಡ," ಎಂದೆ.

ಒಂದೇ ಮಾತು. ಅದರ ಹಿಂದೆ ಎಷ್ಟೋ ಕಾರಣಗಳನ್ನು ಜೋಡಿಸಿಟ್ಟಿದ್ದೆ, ಮೂವತ್ತೈದನೇ ಕಿಲೋಮೀಟರಿಗೆಂದು. ಒಂದಕ್ಕೂ ಉಸಿರಿರಲಿಲ್ಲ. ಮಾತಿನ ಬದಲು ಮೂರು ದಿನದ ಆಲೂಗಡ್ಡೆ ಬಂತು. ಬ್ರೆಡ್ಡು, ಜಾಮ್, ಬಾಳೆಹಣ್ಣು, ಎಲ್ಲವೂ. ಅವನ ಎರಡೂ ಬೂಟಿನ ಮೇಲೆ.

ನಾನು ಬಗ್ಗಿದ್ದೆ. ಕಣ್ಣು ಮೂಗು ಬಾಯಿ ಎಲ್ಲದರಿಂದಲೂ ನೀರು. ಅವನು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಒಂದು ಕೈಯಿಂದ ನನ್ನ ಜಡೆ ಎತ್ತಿ ಹಿಡಿದು, ಇನ್ನೊಂದು ಅಂಗೈಯನ್ನು ನನ್ನ ಹಣೆಗೆ ಒತ್ತಿದ. ಅಂಗೈ ಕೆಸರಾಗಿತ್ತು, ತೇವವಾಗಿತ್ತು. ಅದು ಎಲ್ಲೆಲ್ಲಿ ಹೋಗಿ ಬಂದ ಕೈ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪ್ರೀತಿ ಬಂದರೆ ಅಸಹ್ಯ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಸಹ್ಯವಾಯಿತು, ಮೈಯೆಲ್ಲ ಜುಮ್ಮೆನ್ನುವಷ್ಟು. ನಾನು ಹಣೆಯನ್ನು ಆ ಅಂಗೈಗೆ ಇನ್ನಷ್ಟು ಒತ್ತಿದೆ.

"ಇದು," ಅವನು ಉಸಿರು ಎಳೆದುಕೊಂಡ, "ಇದು ಮಂಗಳವಾರ ಹೇಳೋಕೆ... ಆಗ್ತಿರ್ಲಿಲ್ವಾ?"

"ಭಾನುವಾರಕ್ಕೆ ಇಟ್ಕೊಂಡಿದ್ದೆ."

"ಆಲೂಗಡ್ಡೆ ಜೊತೆಗಾ?"

ನಗಲು ಹೋಗಿ ಮತ್ತೊಮ್ಮೆ ವಾಂತಿಯಾಯಿತು. ಕಾಲೇಜು ಹುಡುಗಿಯರು ಮೂಗು ಮುಚ್ಚಿಕೊಂಡು ನಮ್ಮನ್ನು ಸುತ್ತಿಹೋದರು. ಅವರಲ್ಲೊಬ್ಬಳು "ಅಯ್ಯೋ, ಛೀ," ಎಂದಳು. ನ್ಯಾಯವಾದ ಮಾತು.

"ನಾನು ಮಂಗಳವಾರ ಕೇಳಿದ್ದು ಸಲಹೆಗೋಸ್ಕರ ಅಲ್ಲ," ಎಂದ ಅವನು. "ಬೇಡ ಅಂತ ಒಬ್ಬರಾದ್ರೂ ಹೇಳ್ತಾರಾ ಅಂತ ನೋಡ್ತಿದ್ದೆ. ಮೂವತ್ತೆಂಟು ಮಹಡಿ ಕಟ್ಕೊಂಡು ನನಗೇನಾಗ್ಬೇಕು. ಆರು ಮಹಡಿ ಲಿಫ್ಟೇ ದಿನಾ ಕೆಡುತ್ತೆ."

ಗುರಿಯ ಹಗ್ಗದ ಹತ್ತಿರದಿಂದ ಮೇಷ್ಟ್ರ ದನಿ ಕೇಳಿಸಿತು. ಸೈಕಲ್ ಮೇಲೆ ಒಂದು ಕಾಲಿಟ್ಟು ನಿಂತು ಕೂಗುತ್ತಿದ್ದರು: "ಏನ್ರಯ್ಯಾ ಅದು? ಆರು ಕಿಲೋಮೀಟರಲ್ಲೂ ನಿಂತ್ಕೊಂಡು ಮಾತಾಡ್ಬೇಕಾ? ಓಡೋದು ಇನ್ನೂರು ಮೀಟರ್ ಉಳಿದಿದೆ!"

ಓಡಲಿಲ್ಲ, ನಡೆದೆವು. ನನಗೆ ಒಂದೇ ಬೂಟು, ಅವನ ಬೂಟು ಎರಡೂ ಪಚಪಚ ಎನ್ನುತ್ತಿದ್ದವು. ಕೊನೆಯಿಂದ ಮೂರನೆಯವರಾಗಿ ಮುಟ್ಟಿದೆವು. ದಪ್ಪ ಹೊಟ್ಟೆಯವರು ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಡೇರಿಯ ನಲ್ಲಿಯ ಹತ್ತಿರ ಅವನು ನನ್ನ ಬರಿಗಾಲಿಗೆ ನೀರು ಬಿಟ್ಟ. ಸಗಣಿ ಹೋದ ಮೇಲೆ ಹೆಬ್ಬೆರಳು ಕಾಣಿಸಿತು. ದಿಬ್ಬದ ಕಲ್ಲುಗಳಲ್ಲಿ ಎಲ್ಲೋ ಜಜ್ಜಿಹೋಗಿತ್ತು. ಉಗುರಿನ ಕೆಳಗೆ ರಕ್ತ ಕಟ್ಟಿ ನೀಲಿಯಾಗಿತ್ತು. ಅವನು ಬಗ್ಗಿ ತಜ್ಞನ ಹಾಗೆ ನೋಡಿದ.

"ಇದು ಹೋಗುತ್ತೆ."

"ಗೊತ್ತು. ಎರಡು ಮೂರು ವಾರ. ಆಮೇಲೆ ಹೊಸದು ಪೂರ್ತಿ ಬೆಳೆಯೋಕೆ ಒಂದೂವರೆ ವರ್ಷ."

"ಅಷ್ಟಾ?" ಅವನು ತಲೆ ಎತ್ತಿದ. ಕ್ಷೌರ ಮಾಡಿದ ಗಲ್ಲಕ್ಕೆಲ್ಲ ಸಗಣಿ ಹಾರಿ ಮೆತ್ತಿತ್ತು, ಎಡಕಿವಿಯ ಹಿಂದೆಯೂ ಒಂದು ಚುಕ್ಕೆ. "ಸರಿ. ಇರ್ತೀನಿ. ನಾಳೆ ಹತ್ತಕ್ಕೆ ಫೋನ್ ಮಾಡಿ ಬರಲ್ಲ ಅಂತೀನಿ." ನೀರು ಹರಿಯುತ್ತಲೇ ಇತ್ತು. "ಬಿದ್ದಾಗ ಅದನ್ನ ನನಗೆ ಕೊಡ್ತೀಯಾ? ಡಬ್ಬಿ ನಾನೇ ತರ್ತೀನಿ."

"ಥೂ," ಎಂದೆ.

ನನ್ನ ಜೀವಮಾನದಲ್ಲಿ ಯಾರಿಗೂ ಅಷ್ಟು ಮೆತ್ತಗೆ ಹೇಳಿದ್ದಿಲ್ಲ.